ವೇಗ ಕುಗ್ಗಿದ ಬ್ರಾಡ್‌ಬ್ಯಾಂಡ್: ದೋಷಶೋಧನೆಯ ಒಂದು ಪಾಠ

ನುರಿತ ವೈದ್ಯನು ರೋಗಿಯನ್ನು ಕಂಡೊಡನೆ ಔಷಧವನ್ನು ಬರೆಯುವುದಿಲ್ಲ. ಮೊದಲು ನಾಡಿಯನ್ನು ನೋಡುತ್ತಾನೆ. ಮನೆಯ ಬ್ರಾಡ್‌ಬ್ಯಾಂಡ್ ವೇಗವು ಹಠಾತ್ತನೆ ಕುಗ್ಗಿದಾಗ ಅನುಸರಿಸಬೇಕಾದ ಕ್ರಮವೂ ಇದೇ. ಆದರೆ ನಮ್ಮಲ್ಲಿ ಬಹುಮಂದಿ ಅಳೆಯುವುದಕ್ಕೆ ಮೊದಲೇ ದೂರುತ್ತೇವೆ, ಇಲ್ಲವೆ ಹೊಸ ರೂಟರನ್ನು ಕೊಳ್ಳಲು ಹೊರಡುತ್ತೇವೆ.

ಮೊದಲು ಅಳತೆಯ ವಿಚಾರ. ಸೇವಾ ಸಂಸ್ಥೆಗಳು ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತವೆ. ಕಡತವನ್ನು ಇಳಿಸಿಕೊಳ್ಳುವಾಗ ಪರದೆಯಲ್ಲಿ ಕಾಣುವ ಲೆಕ್ಕವು ಸಾಮಾನ್ಯವಾಗಿ ಮೆಗಾಬೈಟ್‌ನದು. 8 ಬಿಟ್‌ಗಳಿಗೆ 1 ಬೈಟ್. ಆದುದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಸುಮಾರು 12 ಮೆಗಾಬೈಟ್ ಕಂಡರೆ ಅದು ದೋಷವಲ್ಲ.

ತರುವಾಯ ದಾರಿಯನ್ನು ಮೂರು ಭಾಗ ಮಾಡಿಕೊಳ್ಳಬೇಕು: ಕಂಪ್ಯೂಟರಿನಿಂದ ರೂಟರಿನವರೆಗೆ ವೈ-ಫೈ, ರೂಟರಿನಿಂದ ಫೈಬರ್ ಪೆಟ್ಟಿಗೆಯವರೆಗೆ ಮನೆಯೊಳಗಿನ ಕೇಬಲ್, ಅಲ್ಲಿಂದಾಚೆಗೆ ಸಂಸ್ಥೆಯ ಜಾಲ. ಮನೆಯ ಇತರ ಉಪಕರಣಗಳ ಬಳಕೆಯನ್ನು ನಿಲ್ಲಿಸಿ, ಕಂಪ್ಯೂಟರನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ವೇಗವನ್ನು ಅಳೆಯಬೇಕು.

ಆಗ ವೇಗವು ಸರಿಯಾಗಿದ್ದರೆ ದೋಷವಿರುವುದು ವೈ-ಫೈಯಲ್ಲಿ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ನೆರೆಮನೆಗಳ ರೂಟರುಗಳೂ ಬ್ಲೂಟೂತ್ ಉಪಕರಣಗಳೂ ಬಳಸುತ್ತವೆ. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲಿಯೇ ಅಡ್ಡಿಯನ್ನುಂಟುಮಾಡುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೇಗ ಹೆಚ್ಚು. ಆದರೆ ಗೋಡೆಗಳನ್ನು ದಾಟುವಾಗ ಅದು ಬೇಗ ಕ್ಷೀಣಿಸುತ್ತದೆ. ರೂಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇರಿಸುವುದು ಉತ್ತಮ.

ಕೇಬಲ್ ಜೋಡಿಸಿದಾಗಲೂ ವೇಗವು ಕಡಿಮೆಯಿದ್ದರೆ ಕಾಲವನ್ನು ಗಮನಿಸಬೇಕು. ಸಂಜೆ ಮಾತ್ರ ಕುಗ್ಗುವುದಾದರೆ, ಹಲವು ಮನೆಗಳು ಒಂದೇ ಫೈಬರನ್ನು ಹಂಚಿಕೊಂಡಿರುವುದರಿಂದ ಉಂಟಾದ ದಟ್ಟಣೆ ಕಾರಣವಿರಬಹುದು. ತಿಂಗಳ ಕೊನೆಯಲ್ಲಿ ಕುಗ್ಗಿದರೆ ಯೋಜನೆಯ ಡೇಟಾ ಮಿತಿ ಮುಗಿದಿದೆಯೇ ಎಂದು ನೋಡಬೇಕು. ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿದ್ದರೆ ಬೆಳಕು ಸರಿಯಾಗಿ ತಲಪುತ್ತಿಲ್ಲವೆಂದು ಅರ್ಥ. ಫೈಬರ್ ಅತಿಯಾಗಿ ಬಾಗಿದರೂ ಬೆಳಕು ಸೋರಿಹೋಗುತ್ತದೆ. ಇಂಥಲ್ಲಿ ಸಂಸ್ಥೆಗೆ ತಿಳಿಸುವುದೇ ಸರಿ.

ಇಲ್ಲಿ ನನ್ನದೇ ತಪ್ಪೊಂದನ್ನು ನಿವೇದಿಸಿಕೊಳ್ಳುತ್ತೇನೆ. ನಮ್ಮ ಮನೆಯ ಸಂಪರ್ಕದ ವೇಗ 300 ಮೆಗಾಬಿಟ್. ಅದು ಒಂದು ದಿನ 94ಕ್ಕೆ ಇಳಿಯಿತು. ಸಂಸ್ಥೆಯ ತರುಣ ನೌಕರನನ್ನು ದೂರವಾಣಿಯಲ್ಲಿ ಕಟುವಾಗಿ ಆಕ್ಷೇಪಿಸಿದೆ. ಆ ಬಳಿಕ ಅಳೆದು ನೋಡಿದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅದೇ 94! ದಟ್ಟಣೆಯಾಗಿದ್ದರೆ ಅಂಕಿಯು ಏರಿಳಿಯಬೇಕಿತ್ತು. ಅದು ನೂರರ ಅಂಚಿನಲ್ಲೇ ನಿಂತದ್ದು ಸುಳಿವಾಯಿತು. ಈಥರ್ನೆಟ್ ಕೇಬಲಿನಲ್ಲಿ 4 ಜೊತೆ ತಂತಿಗಳಿರುತ್ತವೆ. 1000 ಮೆಗಾಬಿಟ್‌ಗೆ ನಾಲ್ಕೂ ಬೇಕು. 100ಕ್ಕೆ ಎರಡು ಜೊತೆ ಸಾಕು. ಒಂದು ಜೊತೆ ಕಡಿದರೂ ಉಪಕರಣಗಳು ಕೆಳಗಿನ ವೇಗಕ್ಕೆ ಇಳಿದುಕೊಳ್ಳಬಹುದು. ಹಿಂದಿನ ದಿನ ನಾನೇ ಸರಿಸಿದ್ದ ಬೀರುವಿನ ಕಾಲಿನಡಿಯಲ್ಲಿ ಕೇಬಲ್ ಜಜ್ಜಿಹೋಗಿತ್ತು! ಅದನ್ನು ಬದಲಿಸಿದೊಡನೆ ವೇಗವು ಮರಳಿತು. ಆ ತರುಣನಿಗೆ ಮತ್ತೆ ಕರೆಮಾಡಿ ಕ್ಷಮೆ ಕೋರಿದೆ.

ಅಧ್ಯಾಪಕ ಮಿತ್ರರು ಈ ಪಾಠವನ್ನು ಪ್ರಯೋಗಶಾಲೆಗೂ ಅನ್ವಯಿಸಬಹುದು. ಮೊದಲು ಅಳೆಯಬೇಕು, ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಫಲವನ್ನು ಬರೆದಿಡಬೇಕು. ದೋಷವನ್ನು ಪರರ ಮೇಲೆ ಹೊರಿಸುವ ಮುನ್ನ ನಮ್ಮ ಮನೆಯೊಳಗಿನ ತಂತಿಯನ್ನು ಪರೀಕ್ಷಿಸುವುದು ವಿಜ್ಞಾನವೂ ಹೌದು, ವಿವೇಕವೂ ಹೌದು.