ಮರದ ಗದೆಯ ಮೂಲನಿರ್ಣಯ: ಮಂಡ್ಯ ಸೀಮೆಯ ನೆಲೆಯಲ್ಲಿ

ದಾಖಲೆಯಿಲ್ಲದ ಹಳೆಯ ಮರದ ಗದೆಯೊಂದು ಕ್ಷೇತ್ರಕಾರ್ಯದಲ್ಲಿ ದೊರೆತಾಗ ಅದು ಯಾರದು, ಎಲ್ಲಿಯದು ಎಂಬ ಪ್ರಶ್ನೆ ಏಳುತ್ತದೆ. ರನ್ನನ ‘ಗದಾಯುದ್ಧ’ವನ್ನು ಬೋಧಿಸುವ ನಾವು ಅದನ್ನು ಕೂಡಲೇ ಆಯುಧವೆಂದು ಬಗೆಯುವ ಅಪಾಯವಿದೆ. ಆದರೆ ಗರಡಿಮನೆಯ ಗದೆ ಸಾಮಿನ ಸಾಧನ. ಕೊಡತಿ ದುಡಿಮೆಯ ಸಾಧನ.

ಇವುಗಳನ್ನು ಬೇರ್ಪಡಿಸಲು ಮೊದಲ ಆಧಾರ ಸವೆತ. ಬಡಿಯಲು ಬಳಸಿದ ಕೊಡತಿಯ ತಲೆ ಜಜ್ಜಿ ನಾರು ಬಿಟ್ಟಿರುತ್ತದೆ. ತಿರುಗಿಸಲು ಬಳಸಿದ ಗದೆಯ ತಲೆ ಬಹುಮಟ್ಟಿಗೆ ನುಣುಪಾಗಿಯೇ ಉಳಿದು, ಹಿಡಿ ಮಾತ್ರ ಬೆವರಿನಿಂದ ಕಪ್ಪಾಗಿ ಸವೆಯುತ್ತದೆ.

ಎರಡನೆಯದು ಆಕಾರ. ಇದೊಂದನ್ನೇ ನಂಬಲಾಗದು. ಭಾರತದ ಈ ಸಾಧನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ತಮ್ಮ ವ್ಯಾಯಾಮಕ್ಕೆ ಅಳವಡಿಸಿಕೊಂಡರು; 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿಯೂ ಗದೆ ತಿರುಗಿಸುವ ಸ್ಪರ್ಧೆ ನಡೆಯಿತು. ಆದುದರಿಂದ ಸೀಸೆಯಾಕಾರದ ಜೋಡಿಗದೆ ಗರಡಿಯದಾಗಿರದೆ ಶಾಲೆಯ ಕವಾಯತಿನದೂ ಆಗಿರಬಹುದು.

ಮೂರನೆಯದು ವಸ್ತುವಿನ ಮೇಲಿನ ಚೀಟಿ. ಮಂಡ್ಯ ಜಿಲ್ಲೆ ರಚನೆಯಾದುದು 1939ರಲ್ಲಿ. ಅದಕ್ಕೂ ಮುನ್ನ ಮದ್ದೂರು, ಮಳವಳ್ಳಿಗಳು ಮೈಸೂರು ಜಿಲ್ಲೆಗೆ ಸೇರಿದ್ದವು. 1973ರವರೆಗೆ ರಾಜ್ಯದ ಹೆಸರೂ ಮೈಸೂರೇ. ಹೀಗಾಗಿ ಹಳೆಯ ಚೀಟಿಯ ‘ಮೈಸೂರು’ ನಗರವೋ, ಜಿಲ್ಲೆಯೋ, ರಾಜ್ಯವೋ ಎಂಬುದನ್ನು ಕಾಲ ತಿಳಿಯದೆ ನಿರ್ಧರಿಸಲಾಗದು.

ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಂತಹ ಸಂಗ್ರಹಗಳು ತೌಲನಿಕ ಪರಿಶೀಲನೆಗೆ ನೆರವಾಗುತ್ತವೆ. ಆದರೆ ವಸ್ತುವನ್ನು ಪಡೆಯುವಾಗಲೇ ಕೊಟ್ಟವರು ಅದನ್ನು ಗದೆ, ಕೊಡತಿ, ಬಡಿಗೆ, ದೊಣ್ಣೆ ಇವುಗಳಲ್ಲಿ ಏನೆಂದು ಕರೆದರೆಂಬುದನ್ನು ಬರೆದಿಡಬೇಕು. ಆ ಮಾತು ಕಳೆದರೆ ಮರ ಉಳಿಯುತ್ತದೆ. ಅದನ್ನು ಬಳಸಿದ ಜನ ಮರೆಯಾಗುತ್ತಾರೆ.