ನ್ಯಾಯಮೂರ್ತಿಯ ಕುರ್ಚಿ ಎಷ್ಟು ಭದ್ರ?

ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ನ್ಯಾಯಮೂರ್ತಿಯನ್ನು ಸರ್ಕಾರ ಮನೆಗೆ ಕಳಿಸಬಹುದೇ? ಸಂವಿಧಾನ ಓದಲು ಹೊರಟವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ಹೊಂದುತ್ತದೋ ಇಲ್ಲವೋ ಎಂದು ಹೇಳುವುದು ನ್ಯಾಯಾಲಯದ ಕೆಲಸ. ಹಾಗೆ ಹೇಳುವವರ ನೌಕರಿ, ಸಂಬಳ ಎರಡೂ ಮಂತ್ರಿಗಳ ಮರ್ಜಿಯಲ್ಲಿದ್ದರೆ ತೀರ್ಪಿಗೆ ಬೆಲೆಯೇನು?

ಅದಕ್ಕೇ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ 65, ಹೈಕೋರ್ಟ್ ನ್ಯಾಯಮೂರ್ತಿಗೆ 62 ವರ್ಷ ತುಂಬುವವರೆಗೆ ಹುದ್ದೆ ಖಾತ್ರಿ. ಸಂಬಳ ಸಂಚಿತ ನಿಧಿಯಿಂದ ಬರುತ್ತದೆ. ಅದನ್ನು ಸದನದಲ್ಲಿ ಮತಕ್ಕೆ ಹಾಕುವಂತಿಲ್ಲ. ತೆಗೆಯಬೇಕೆಂದರೆ ದುರ್ನಡತೆಯೋ ಅಸಾಮರ್ಥ್ಯವೋ ರುಜುವಾತಾಗಬೇಕು. ಆಮೇಲೂ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಬೇಕು, ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲವೂ ಬೇಕು.

ತೆಗೆಯುವುದು ಕಷ್ಟ, ಸರಿ. ಆದರೆ ಬಡ್ತಿ?

1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಭೂಸುಧಾರಣೆಯ ವಿಚಾರದಲ್ಲಿ ಕೇರಳ ಸರ್ಕಾರದ ಮೇಲೆ ಹೂಡಿದ್ದ ದಾವೆ ಅದು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 13 ಮಂದಿಯ ಪೀಠ 7-6ರಲ್ಲಿ ಹೇಳಿತು. ಮರುದಿನವೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊರಬಿತ್ತು: ಎ.ಎನ್. ರೇ. ಅವರಿಗಿಂತ ಹಿರಿಯರಾಗಿದ್ದ ಶೇಲಟ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರೂ ಬಹುಮತದ ಕಡೆ ಇದ್ದವರು, ರೇ ಅಲ್ಪಮತದವರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ನಮ್ಮ ಕಾರ್ಕಳ ಸೀಮೆಯವರು. ಒಂದು ಕಾಲಕ್ಕೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಯಲ್ಲಿದ್ದವರು. ಪೀಠವೇರಿದ ಮೇಲೆ ಹಳೆಯ ಪಕ್ಷದ ಮುಲಾಜಿಗೆ ಬೀಳಲಿಲ್ಲ ಎಂಬುದನ್ನು ಗಮನಿಸಿ.

ಇಲ್ಲಿ ಸಂವಿಧಾನದ ಯಾವ ವಿಧಿಯನ್ನೂ ಮುರಿದಿರಲಿಲ್ಲ. ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗಬೇಕೆಂಬುದು ಬರೀ ರೂಢಿ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರ ಪರವಾಗಿ ಒಬ್ಬರೇ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಅವರಿಗೂ 1977ರಲ್ಲಿ ಇದೇ ಆಯಿತು.

1993ರ ತೀರ್ಪೊಂದರಿಂದ ನೇಮಕದ ಆಯ್ಕೆ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಕೈಗೆ ಬಂತು. ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವುದು ಎಷ್ಟು ಸರಿ ಎಂಬ ತಕರಾರಿನಲ್ಲಿ ಹುರುಳಿದೆ. ಆದರೂ ಅದರ ಬದಲಿಗೆ ಸಂಸತ್ತು ತಂದ ಆಯೋಗವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಮಾಡಿತು. ಈಗ ಸರ್ಕಾರ ಒಮ್ಮೆ ಹೆಸರನ್ನು ಮರುಪರಿಶೀಲನೆಗೆ ಕಳಿಸಬಹುದು. ಕೊಲಿಜಿಯಂ ಮತ್ತೆ ಅದೇ ಹೆಸರು ಹೇಳಿದರೆ ಒಪ್ಪಬೇಕು. ಎಷ್ಟು ದಿನದೊಳಗೆ ಎಂದು ಸಂವಿಧಾನ ಹೇಳಿಲ್ಲ. ಹಾಗಾಗಿ ಕೆಲವು ಕಡತಗಳು ದೆಹಲಿಯಲ್ಲಿ ಸುಮ್ಮನೆ ಕೂತಿರುತ್ತವೆ.