ಆದಾಮ್ ಊರಲ್ಲಿ ನಿಂತ ನೀರು

ಯೆಹೋಶುವನ ಪುಸ್ತಕದ ಮೂರನೆಯ ಅಧ್ಯಾಯವನ್ನು ಸಂಡೇಸ್ಕೂಲಿನಿಂದಲೂ ಕೇಳುತ್ತ ಬಂದವಳು ನಾನು. ಅದರೊಳಗಿನ ಒಂದು ವಿವರ ಮಾತ್ರ ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟ ವರ್ಷ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಸುಗ್ಗಿಯ ಕಾಲ. ಇಸ್ರಾಯೇಲ್ಯರು ದಾಟಬೇಕಿದ್ದ ಯೊರ್ದನ್ ದಡ ಮೀರಿ ಹರಿಯುತ್ತಿತ್ತು. ಮಂಜೂಷ ಹೊತ್ತ ಯಾಜಕರು ದಡದಲ್ಲಿ ಕಾದು ನಿಂತಿದ್ದಾಗ ನೀರು ಇಳಿಯಲಿಲ್ಲ, ಅವರ ಪಾದ ನೀರಿಗೆ ತಾಗಿದ ಮೇಲೆ ನಿಂತಿತು. ನಿಂತದ್ದಾದರೂ ಅವರ ಕಣ್ಣೆದುರಿಗಲ್ಲ, ಬಹು ದೂರದ ಆದಾಮ್ ಎಂಬ ಊರಿನ ಹತ್ತಿರ. ಪಂಡಿತರು ಗುರುತಿಸುವ ಆ ಜಾಗ ಯೆರಿಕೋವಿನ ಎದುರಿನಿಂದ ಮೇಲಕ್ಕೆ ಸುಮಾರು 25–30 ಕಿ.ಮೀ.

ಡಯಾಲಿಸಿಸ್ ಇರುವ ಮನೆಯ ದಿನಚರಿ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು. ಗದಗಿನ ಬೇಸಿಗೆಯಲ್ಲೂ ನೀರು ಅಳೆದು ಕುಡಿಯಬೇಕು. ಎಳನೀರು, ಬಾಳೆಹಣ್ಣು ಮುಟ್ಟುವಂತಿಲ್ಲ. ಬೆಳಿಗ್ಗೆ ಎದ್ದೊಡನೆ ತೋಳಿನ ಫಿಸ್ಟುಲಾದ ಮೇಲೆ ಬೆರಳಿಟ್ಟು ರಕ್ತದ ಝೇಂಕಾರ ಇದೆಯೇ ಎಂದು ನೋಡುತ್ತೇನೆ, ಆಮೇಲೆ ಪ್ರಾರ್ಥನೆ.

ಕಸಿ ಮಾಡಿಸಿದರೆ ಒಳ್ಳೆಯದು ಎಂದರು ಡಾಕ್ಟರು. ಯಜಮಾನರದು ಓ ಗುಂಪು, ನನ್ನದು ಬಿ. ಗುಂಪು ಮೀರಿ ಮಾಡುವ ಕಸಿಯ ಖರ್ಚು ನಮ್ಮ ಅಳವಿನದಲ್ಲ. 1994ರ ಕಾನೂನು ಹತ್ತಿರದ ಸಂಬಂಧಿ ಎಂದು ಒಪ್ಪುವವರಲ್ಲಿ ಉಳಿದದ್ದು ಒಬ್ಬರೇ: ಯಜಮಾನರ ಅಣ್ಣ. ಮನೆ ಪಾಲಾದಾಗ ಕಡಿದುಹೋದ ಮಾತು ಅತ್ತೆಯ ಮಣ್ಣಿನ ದಿನವೂ ಕೂಡಿರಲಿಲ್ಲ. ಬಾಸೆಲ್ ಮಿಷನ್ ಕಾಲದ ಅದೇ ಸಭೆಯಲ್ಲಿ ಆ ಕಡೆ ಅವರು, ಈ ಕಡೆ ನಾವು. ಒಂದೇ ಪಾತ್ರೆಯ ಪವಿತ್ರ ಭೋಜನ ತಗೊಂಡು ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಬರುತ್ತಿದ್ದೆವು. ನನಗೆ ರೋಗಕ್ಕಿಂತ ಆ ಮನೆಯ ಹೊಸ್ತಿಲೇ ದಾಟಲಾಗದ ಹೊಳೆಯಾಗಿ ಕಾಣುತ್ತಿತ್ತು.

ಸಭೆಯ ಅಯ್ಯನವರು ಜೊತೆಗೆ ಬರುತ್ತೇನೆಂದರು. ಬೇಡವೆಂದು ಒಬ್ಬಳೇ ಹೋದೆ. ಬಾಗಿಲು ತೆಗೆದ ಭಾವನವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಒಳಗ ಬಾ ಯವ್ವಾ” ಅಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ನೆಗೆಣ್ಣಿ ಹೇಳಿದ್ದು ಇಷ್ಟು: “ಇವರು ರಕ್ತದ ಗುಂಪು ನೋಡಿಸ್ಕೊಂಡು ಬಂದಾರ. ಓ ಐತಿ. ನೀವು ಕರೀಲಿಲ್ಲ, ತಾವಾಗಿ ಬರಾಕ ಇವರಿಗೆ ಧೈರ್ಯ ಸಾಲಲಿಲ್ಲ.”

ನಾನು ನಮ್ಮ ಮನೆಯಲ್ಲಿ ಮೊಣಕಾಲೂರಿದ್ದ ದಿನಗಳಲ್ಲೇ ಆ ಮನೆಯಲ್ಲಿ ನೀರು ನಿಂತಿತ್ತು. ನನಗೆ ಕಾಣಿಸುವ ಕಡೆ ಏನೂ ಆಗಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಒಳ್ಳೆಯ ಸಾಕ್ಷಿಯಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ತಪಾಸಣೆ ನಡೆದಾಗ ಭಾವನವರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ದಾನಿಯಾಗುವಂತಿಲ್ಲ ಎಂದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರು ತಮ್ಮನ ಕೈ ಹಿಡಿದುಕೊಂಡು ಅತ್ತರು. ಅಷ್ಟು ವರ್ಷಗಳ ಮಾತೆಲ್ಲ ಆ ಅಳುವಿನಲ್ಲೇ ಆಗಿಹೋಯಿತು. ಯಜಮಾನರ ಹೆಸರನ್ನು ಆಸ್ಪತ್ರೆಯ ಮೂಲಕ ಕಸಿಗೆ ಕಾಯುವವರ ರಾಜ್ಯದ ‘ಜೀವಸಾರ್ಥಕತೆ’ ಪಟ್ಟಿಗೆ ಬರೆಸಿ ಬಂದೆವು.

ಪ್ರಾರ್ಥನಾ ಕೂಟಗಳಲ್ಲಿ ರೋಗ ಬಿಟ್ಟುಹೋದವರು ಎದ್ದು ಸಾಕ್ಷಿ ಹೇಳುತ್ತಾರೆ. ಅವರ ಸಂತೋಷ ನನಗೂ ಸಂತೋಷವೇ. ಬಿಟ್ಟುಹೋಗದವರಿಗೆ ಮಾತ್ರ ಯಾರೂ “ನಿಮ್ಮ ವಿಶ್ವಾಸ ಸಾಲದು” ಅನ್ನಬಾರದೆಂದು ಬೇಡಿಕೊಳ್ಳುತ್ತೇನೆ. ಸೂಜಿ ಚುಚ್ಚಿಸಿಕೊಂಡು ಮಲಗಿದ ಮನುಷ್ಯನಿಗೆ ಅದಕ್ಕಿಂತ ಚುಚ್ಚುವ ಮಾತಿಲ್ಲ. ತನ್ನ ಶರೀರದ ಮುಳ್ಳು ಹೋಗಲಿ ಎಂದು ಪೌಲನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಪೌಲನ ವಿಶ್ವಾಸ ಕಡಿಮೆಯಿತ್ತೆಂದು ಯಾವ ಸಭೆಯೂ ಹೇಳಿದ್ದಿಲ್ಲ. ಗೆತ್ಸೇಮನೆಯಲ್ಲಿ ಕರ್ತನೇ ಬೇಡಿದ ಬೇಡಿಕೆಯೊಂದು ಬೇಡಿದಂತೆ ನಡೆಯಲಿಲ್ಲ. ಹೀಗಿರುವಾಗ ದೇವರನ್ನು ನಂಬುವುದೆಂದರೆ ಇಂಥದ್ದೇ ಆಗಬೇಕೆಂದು ಹಟ ಹಿಡಿಯುವುದಲ್ಲ. ತೋರಿಸಿದ ಹೆಜ್ಜೆ ಇಡುವುದು, ನೀರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಆತನಿಗೆ ಬಿಡುವುದು. ನಾನು ಹಿಡಿದುಕೊಂಡಿರುವುದು ಇದನ್ನೇ.

ಡಯಾಲಿಸಿಸ್ ನಡೆದಿದೆ. ವಾರದಲ್ಲಿ ಎರಡು ಸರದಿ ಭಾವನವರದು. ಮನೆಯಿಂದ ಕರೆದುಕೊಂಡು ಹೋಗಿ, ನಾಲ್ಕು ತಾಸೂ ಹೊರಗಿನ ಬೆಂಚಿನ ಮೇಲೆ ಕೂತು, ಕರೆತಂದು ಬಿಡುತ್ತಾರೆ. ಆ ತಪಾಸಣೆ ಆಗದಿದ್ದರೆ ಅವರ ಸಕ್ಕರೆ ಕಾಯಿಲೆ ಬೇಗ ಗೊತ್ತಾಗುತ್ತಿರಲಿಲ್ಲ. ಈಗ ಮಾತ್ರೆ, ಪಥ್ಯ ಎರಡೂ ಸರಿಯಾಗಿವೆ. ಪಟ್ಟಿಯಿಂದ ಕರೆ ಬಂದರೆ ಎಷ್ಟು ಹೊತ್ತಾದರೂ ಹುಬ್ಬಳ್ಳಿಗೆ ಯಾರ ಗಾಡಿಯಲ್ಲಿ ಹೊರಡುವುದು ಎಂಬುದನ್ನು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದಾರೆ.